ಡೆಲ್ಫ್ಟಿನ ಜವಳಿ ವರ್ತಕ ಆಂಟನಿ ವಾನ್ ಲೇವನ್‌ಹುಕ್

ನೀರಿನ ಒಂದು ಹನಿಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಜೀವಿಗಳು ಈಸಾಡುತ್ತಿರುತ್ತವೆ ಎಂಬುದನ್ನು ಈಗ ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲನು. ಆದರೆ ಅವುಗಳನ್ನು ಮೊತ್ತಮೊದಲು ಕಣ್ಣಾರೆ ಕಂಡು ಜಗತ್ತಿಗೆ ತಿಳಿಸಿದವನು ಪಂಡಿತನೂ ಅಲ್ಲ, ವೈದ್ಯನೂ ಅಲ್ಲ. ಗಜಕೋಲು ಹಿಡಿದು ಬಟ್ಟೆ ಅಳೆದು ಕೊಡುತ್ತಿದ್ದ ಒಬ್ಬ ಜವಳಿ ವರ್ತಕನು ಎಂಬ ಸಂಗತಿಯು ನಮ್ಮವರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆತನ ಹೆಸರು ಆಂಟನಿ ವಾನ್ ಲೇವನ್‌ಹುಕ್. ಊರು ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣ. ಅಂದಿನ ಯುರೋಪಿನಲ್ಲಿ ವಿದ್ಯಾವಂತನೆನಿಸಿಕೊಳ್ಳಲು ಲ್ಯಾಟಿನ್ ಭಾಷೆಯು ಬೇಕೇ ಬೇಕಾಗಿದ್ದಿತು. ಈತನಿಗೆ ಅದು ಬರುತ್ತಿರಲಿಲ್ಲ. ಬರುತ್ತಿದ್ದುದು ಮನೆಮಾತಾದ ಡಚ್ ಒಂದೇ.

ಲೇವನ್‌ಹುಕನು ಜನಿಸಿದುದು 1632ರ ಅಕ್ಟೋಬರಿನಲ್ಲಿ. ತಂದೆಯದು ಬುಟ್ಟಿ ಹೆಣೆಯುವ ಕಸಬು. ಮಗನಿಗೆ ಇನ್ನೂ ಆರು ತುಂಬುವುದರೊಳಗೆ ತಂದೆಯು ತೀರಿಕೊಂಡನು, ಮುಂದೆ ತಾಯಿಯು ಮರುಮದುವೆಯಾದಳು. ಬಾಲಕನು ಕೆಲಕಾಲ ಬೇರೊಂದು ಊರಿನ ಶಾಲೆಯಲ್ಲಿ ಓದಿ, ಬಳಿಕ ಬಂಧುವೊಬ್ಬನ ಮನೆಯಲ್ಲಿದ್ದು, ಹದಿನಾರನೆಯ ವಯಸ್ಸಿನಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತನು. 1654ರಲ್ಲಿ ಡೆಲ್ಫ್ಟಿಗೆ ಮರಳಿ ಮದುವೆಯಾಗಿ ಸ್ವಂತ ಅಂಗಡಿಯನ್ನು ತೆರೆದನು. ಹುಟ್ಟಿದ ಐದು ಮಕ್ಕಳಲ್ಲಿ ಉಳಿದವಳು ಮರಿಯಾ ಎಂಬ ಮಗಳೊಬ್ಬಳೇ. ಹೆಂಡತಿಯು 1666ರಲ್ಲಿ ತೀರಿಕೊಂಡಳು. ಐದು ವರ್ಷಗಳ ಮೇಲೆ ಕೈಹಿಡಿದ ಎರಡನೆಯ ಹೆಂಡತಿಯೂ ಆತನ ಕಣ್ಣೆದುರಿಗೇ ಕಾಲವಾದಳು. ಕೊನೆಯವರೆಗೆ ತಂದೆಯ ಜೊತೆಗಿದ್ದವಳು ಮರಿಯಾ.

ಪಟ್ಟಣದಲ್ಲಿ ಈತನಿಗೆ ಒಳ್ಳೆಯ ಹೆಸರಿದ್ದಿತು. 1660ರಲ್ಲಿ ನಗರಾಧಿಕಾರಿಗಳ ಸಭಾಗೃಹದ ಉಸ್ತುವಾರಿಯು ದೊರೆಯಿತು. 1669ರಲ್ಲಿ ಭೂಮಾಪಕನ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಮುಂದೆ 1679ರಲ್ಲಿ ಪಟ್ಟಣಕ್ಕೆ ಬರುವ ಮದ್ಯದ ಪೀಪಾಯಿಗಳನ್ನು ಅಳೆಯುವ ಅಧಿಕಾರವೂ ಬಂದಿತು. ಅದೇ ಊರಿನ ಚಿತ್ರಕಾರ ವರ್ಮೀರನು ಸಾಲ ಬಿಟ್ಟು ಸತ್ತಾಗ ಆ ಆಸ್ತಿಯ ವಿಲೇವಾರಿಗೆಂದು 1676ರಲ್ಲಿ ನೇಮಕವಾದವನೂ ಈತನೇ. ಬಟ್ಟೆ, ಭೂಮಿ, ಮದ್ಯ ಎಲ್ಲವನ್ನೂ ಅಳೆದವನ ಕೈ ಅದು. ಮುಂದೆ ಕಾಣದ ಜೀವಿಗಳನ್ನೂ ಅದು ಅಳೆಯದೆ ಬಿಡಲಿಲ್ಲ.

ಆ ಕಾಲಕ್ಕೆ ಸೂಕ್ಷ್ಮದರ್ಶಕವು ಹೊಸದೇನೂ ಆಗಿರಲಿಲ್ಲ. ಲಂಡನ್ನಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1665ರಲ್ಲಿಯೇ ಮೈಕ್ರೋಗ್ರಾಫಿಯಾ ಎಂಬ ಭಾರಿ ಚಿತ್ರಗ್ರಂಥವನ್ನು ಹೊರತಂದು ಹೇನು, ಚಿಗಟ, ಬಟ್ಟೆಯ ನೇಯ್ಗೆ ಮೊದಲಾದವುಗಳನ್ನು ಹಿಗ್ಗಿಸಿ ತೋರಿಸಿದ್ದನು. ಆತನ ಉಪಕರಣವು ಕೊಳವೆಯೊಳಗೆ ಒಂದಕ್ಕಿಂತ ಹೆಚ್ಚು ಮಸೂರಗಳನ್ನು ಜೋಡಿಸಿದ ಸಂಯುಕ್ತ ಸೂಕ್ಷ್ಮದರ್ಶಕ. ಅಂದಿನ ಗಾಜಿನ ಮಸೂರಗಳಲ್ಲಿ ವಸ್ತುವಿನ ಸುತ್ತಲೂ ಕಾಮನಬಿಲ್ಲಿನಂತೆ ಬಣ್ಣದ ಅಂಚು ಕಟ್ಟುತ್ತಿದ್ದಿತು. ಒಂದರ ದೋಷವನ್ನು ಇನ್ನೊಂದು ಹಿಗ್ಗಿಸುತ್ತಿದ್ದಿತು. ಅದೇ ಗ್ರಂಥದ ಮುನ್ನುಡಿಯಲ್ಲಿ ರಾಬರ್ಟ್ ಹುಕ್ ಇನ್ನೊಂದು ಸರಳ ಮಾರ್ಗವನ್ನೂ ಬರೆದಿದ್ದನು. ಗಾಜನ್ನು ದೀಪದ ಉರಿಯಲ್ಲಿ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಆ ಎಳೆಯ ತುದಿಯನ್ನು ಮತ್ತೆ ಉರಿಗೆ ಹಿಡಿದರೆ ಅದು ಕರಗಿ ತಾನಾಗಿಯೇ ದುಂಡನೆಯ ಮಣಿಯಾಗಿ ನಿಲ್ಲುತ್ತದೆ. ಆ ಮಣಿಯೊಂದೇ ಮಸೂರ. ಅದು ಚಿಕ್ಕದಾದಷ್ಟೂ ವಸ್ತುವು ದೊಡ್ಡದಾಗಿ ಕಾಣುತ್ತದೆ. ಆದರೆ ಕಣ್ಣಿಗೆ ತೀರ ಒತ್ತಿ ಹಿಡಿಯಬೇಕಾಗುವುದರಿಂದ ದೃಷ್ಟಿಗೆ ಆಯಾಸ. ಅದಕ್ಕಾಗಿಯೇ ರಾಬರ್ಟ್ ಹುಕ್ ಆ ಮಾರ್ಗವನ್ನು ತನ್ನ ಕೆಲಸಕ್ಕೆ ಹೆಚ್ಚಾಗಿ ಬಳಸಲಿಲ್ಲ.

ಲೇವನ್‌ಹುಕನು ನೆಚ್ಚಿದುದು ಒಂಟಿ ಮಸೂರವನ್ನೇ. ಹಿತ್ತಾಳೆಯ ಅಥವಾ ಬೆಳ್ಳಿಯ ಎರಡು ಪುಟ್ಟ ತಗಡುಗಳಿಗೆ ಸೂಜಿಯ ಮೊನೆಯಷ್ಟಗಲದ ತೂತು ಕೊರೆದು, ನಡುವೆ ಮಸೂರವನ್ನಿಟ್ಟು, ತಗಡುಗಳನ್ನು ಒಂದರ ಮೇಲೊಂದು ಕೂಡಿಸಿ ಬಿಗಿಯುತ್ತಿದ್ದನು. ಹಿಂಭಾಗದಲ್ಲಿ ಒಂದು ಮುಳ್ಳು. ಅದರ ತುದಿಗೆ ನೋಡಬೇಕಾದ ವಸ್ತು. ಅದನ್ನು ಮೇಲೆ ಕೆಳಗೆ, ಹತ್ತಿರ ದೂರ ಸರಿಸಲು ತಿರುಪುಗಳು. ಇಡೀ ಉಪಕರಣದ ಉದ್ದ ಎರಡು ಅಂಗುಲದ ಆಸುಪಾಸು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು. ಅದನ್ನು ಕಣ್ಣಿಗೆ ಒತ್ತಿಕೊಂಡು ಬೆಳಕಿಗೆ ಎದುರಾಗಿ ಹಿಡಿದು ನೋಡಬೇಕು. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಉಳಿದುಬಂದಿರುವ ಒಂದು ಉಪಕರಣವು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಒಂದು ವಸ್ತುವು ಮುಳ್ಳಿನ ಮೇಲೆ ಚೆನ್ನಾಗಿ ಕುಳಿತರೆ ಅದನ್ನು ಕೀಳುವ ಗೋಜಿಗೆ ಹೋಗದೆ ಮತ್ತೊಂದು ಉಪಕರಣವನ್ನೇ ಮಾಡಿಬಿಡುತ್ತಿದ್ದನು. ಹೀಗೆ ಜೀವಮಾನದಲ್ಲಿ ಆತನು ಮಾಡಿದ ಮಸೂರಗಳು ನೂರಾರು.

ಮಸೂರವು ಎಷ್ಟೇ ಒಳ್ಳೆಯದಿರಲಿ, ವಸ್ತುವನ್ನು ಸಿದ್ಧಪಡಿಸುವ ಹದವನ್ನರಿಯದವನಿಗೆ ಅದು ಬರಿಯ ಗಾಜು. ಈ ಹದದಲ್ಲಿ ಲೇವನ್‌ಹುಕನ ಕೈ ಪಳಗಿದ್ದಿತು. ಕ್ಷೌರದ ಕತ್ತಿಯನ್ನು ಚೆನ್ನಾಗಿ ಮಸೆದು, ಬೆಂಡು, ಗಿಡದ ತಿರುಳು, ಬರೆಯುವ ಗರಿ, ದನದ ಕಣ್ಣಿನ ನರ ಇವುಗಳನ್ನು ಬೆಳಕು ಹಾಯುವಷ್ಟು ತೆಳುವಾಗಿ ಸೀಳುತ್ತಿದ್ದನು. ಬೀಜದೊಳಗೆ ಮುಂದಿನ ಗಿಡವು ಹೇಗೆ ಮಡಿಸಿಕೊಂಡು ಕುಳಿತಿದೆಯೆಂದು ನೋಡಲು ಹತ್ತಿಯ ಕಾಳುಗಳನ್ನು ಕೊಯ್ದನು; ಹತ್ತಿಯ ಕಾಳನ್ನು ಹಲ್ಲಿನಿಂದ ಕಚ್ಚಿ ನೋಡಿದ ಸೊಲ್ಲಾಪುರ, ಆದವಾನಿ ಕಡೆಯ ಓದುಗರಿಗೆ ಅದು ಎಷ್ಟು ಗಟ್ಟಿ ಎಂಬುದನ್ನು ಹೇಳಬೇಕಾಗಿಲ್ಲ. ದ್ರವಗಳನ್ನು ನೋಡಬೇಕಾದಾಗ ಕೂದಲಿನಂಥ ಗಾಜಿನ ಕೊಳವೆಗೆ ಏರಿಸಿ ಮುಳ್ಳಿಗೆ ಅಂಟಿಸುತ್ತಿದ್ದನು. ಮಾಂಸದ ಎಳೆಗಳು ಬಣ್ಣವಿಲ್ಲದೆ ಸರಿಯಾಗಿ ಕಾಣದಿದ್ದಾಗ, ಕೇಸರಿಯನ್ನು ಮದ್ಯದಲ್ಲಿ ನೆನೆಸಿ ಆ ಬಣ್ಣವನ್ನು ಅವಕ್ಕೆ ಹಿಡಿಸಿದನು. ಇದು 1714ರ ಮಾತು. ಆಗ ಆತನ ವಯಸ್ಸು ಎಂಬತ್ತನ್ನು ದಾಟಿದ್ದಿತು. ಇಂದಿನ ಪ್ರಯೋಗಶಾಲೆಗಳಲ್ಲಿ ತೆಳುಸೀಳುಗಳಿಗೆ ಬಣ್ಣ ಕಟ್ಟುವ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು.

1673ರಲ್ಲಿ ಡೆಲ್ಫ್ಟಿನ ತರುಣ ವೈದ್ಯ ಡಿ ಗ್ರಾಫನು ಲಂಡನ್ನಿನ ರಾಯಲ್ ಸೊಸೈಟಿಗೆ ಈತನ ಪರಿಚಯವನ್ನು ಬರೆದು ಕಳುಹಿಸಿದನು. ಅದರೊಡನೆ ಹೋದ ಮೊದಲನೆಯ ವರದಿಯಲ್ಲಿದ್ದುದು ಬೂಷ್ಟು, ಜೇನುನೊಣದ ಕೊಂಡಿ, ಹೇನು ಇವುಗಳ ವರ್ಣನೆ. ಆಗ ಆರಂಭವಾದ ಪತ್ರವ್ಯವಹಾರವು ಐವತ್ತು ವರ್ಷ ನಡೆಯಿತು. ಸೊಸೈಟಿಗೆ ಹೋದ ಸುಮಾರು 190 ಪತ್ರಗಳನ್ನು ಆತನು ಬರೆದುದು ಅಂಗಡಿ ಬೀದಿಯ ಡಚ್ಚಿನಲ್ಲಿಯೇ. ಆಡುವ ಮಾತಿನ ಓಟದಲ್ಲಿ ಕಂಡುದನ್ನು ಕಂಡಂತೆ ಹೇಳುವುದು, ಊಹೆಯನ್ನು ಊಹೆಯೆಂದೇ ಬೇರೆಯಾಗಿ ಇಡುವುದು ಆತನ ರೀತಿ. ಅವುಗಳನ್ನು ಇಂಗ್ಲಿಷಿಗೂ ಲ್ಯಾಟಿನ್ನಿಗೂ ತಿರುಗಿಸಿಕೊಂಡು ಓದುವ ಶ್ರಮವು ವಿದ್ವಾಂಸರ ಪಾಲಿಗೆ ಬಂದಿತು! ಚಿತ್ರ ಬರೆಯಲು ತನಗೆ ಚೆನ್ನಾಗಿ ಬಾರದೆಂದು ಚಿತ್ರಕಾರರಿಗೆ ಹಣ ಕೊಟ್ಟು ಬರೆಯಿಸುತ್ತಿದ್ದನು.

ಡೆಲ್ಫ್ಟಿನಿಂದ ಸ್ವಲ್ಪ ದೂರದಲ್ಲಿ ಒಂದು ಕೆರೆಯಿದ್ದಿತು. ಚಳಿಗಾಲದಲ್ಲಿ ತಿಳಿಯಾಗಿರುವ ಅದರ ನೀರು ಬೇಸಗೆಯಲ್ಲಿ ಬೆಳ್ಳಗೆ ಕದಡಿ, ಹಸುರು ಮೋಡಗಳಂತೆ ಏನೋ ತೇಲುತ್ತಿದ್ದಿತು. ಮಂಜು ಬಿದ್ದುದರಿಂದ ಹೀಗಾಗುತ್ತದೆಂದು ಸುತ್ತಲಿನ ಜನರ ನಂಬಿಕೆ. 1674ರಲ್ಲಿ ಲೇವನ್‌ಹುಕನು ಆ ನೀರನ್ನು ಸೀಸೆಯಲ್ಲಿ ತುಂಬಿ ತಂದು ಮರುದಿನ ನೋಡಿದಾಗ, ಸುರುಳಿ ಸುತ್ತಿದ ಹಸುರು ಪಾಚಿಯ ಎಳೆಗಳ ನಡುವೆ ಚುರುಕಾಗಿ ಓಡಾಡುವ ಕಿರುಜೀವಿಗಳು ಕಂಡವು.

ಎರಡು ವರ್ಷಗಳ ಮೇಲೆ ಮೆಣಸಿನ ಸರದಿ. ಮಲಬಾರಿನ ಕರಾವಳಿಯಿಂದಲೂ ಪೂರ್ವದ ದ್ವೀಪಗಳಿಂದಲೂ ಡಚ್ಚರ ಹಡಗುಗಳಲ್ಲಿ ರಾಶಿರಾಶಿಯಾಗಿ ಹೋಗುತ್ತಿದ್ದ ಕರಿಮೆಣಸು ನಾಲಗೆಯನ್ನು ಏಕೆ ಸುಡುತ್ತದೆ ಎಂಬುದು ಆತನ ಪ್ರಶ್ನೆ. ಕಾಳುಗಳಲ್ಲಿ ಕಾಣದ ಮುಳ್ಳುಗಳಿದ್ದು ಚುಚ್ಚುತ್ತಿರಬಹುದೆಂದು ಎಣಿಸಿ ಕಾಳುಗಳನ್ನು ನೀರಿನಲ್ಲಿ ನೆನೆಯಿಟ್ಟನು. ಸುಮಾರು ಮೂರು ವಾರಗಳ ತರುವಾಯ, 1676ರ ಏಪ್ರಿಲಿನಲ್ಲಿ, ಆ ನೀರನ್ನು ನೋಡಿದರೆ ಮುಳ್ಳಿಲ್ಲ. ಅದುವರೆಗೆ ಕಂಡುದೆಲ್ಲಕ್ಕಿಂತ ಚಿಕ್ಕದಾದ ಜೀವಿಗಳು ಲೆಕ್ಕವಿಲ್ಲದಷ್ಟು ತುಂಬಿದ್ದವು. ಬ್ಯಾಕ್ಟೀರಿಯಗಳನ್ನು ಮನುಷ್ಯನು ಕಂಡುದು ಹೀಗೆ, ಬೇರೆ ಏನನ್ನೋ ಹುಡುಕುತ್ತಿರುವಾಗ. ಮರಳಿನ ಕಣ, ಕೂದಲು, ಹೇನಿನ ಕಣ್ಣು ಇವುಗಳನ್ನೇ ಅಳತೆಗೋಲಾಗಿ ಮಾಡಿಕೊಂಡು ಅವುಗಳ ಗಾತ್ರವನ್ನು ಲೆಕ್ಕ ಹಾಕಿ, ಅಕ್ಟೋಬರಿನಲ್ಲಿ ಲಂಡನ್ನಿಗೆ ದೀರ್ಘ ಪತ್ರವನ್ನು ಬರೆದನು.

ಲಂಡನ್ನಿನಲ್ಲಿ ಯಾರಿಗೂ ಅವು ಕಾಣಲಿಲ್ಲ. ಜವಳಿಯವನ ಕಣ್ಣು ಮೋಸಹೋಗಿರಬೇಕು ಎಂಬ ಸಂಶಯವು ಸಹಜವಾಗಿಯೇ ಎದ್ದಿತು. ಲೇವನ್‌ಹುಕನು ತನ್ನ ಊರಿನ ಪಾದ್ರಿಗಳು ಮೊದಲಾದ ಎಂಟು ಮಂದಿ ಗಣ್ಯರಿಗೆ ಅವುಗಳನ್ನು ತೋರಿಸಿ ಅವರ ಸಾಕ್ಷಿಪತ್ರಗಳನ್ನು ಕಳುಹಿಸಿದನು. ಕೊನೆಗೆ 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ತೆಳುವಾದ ಗಾಜಿನ ಕೊಳವೆಗಳಲ್ಲಿ ಮೆಣಸಿನ ನೀರನ್ನು ತುಂಬಿ ಸಭೆಗೆ ತೋರಿಸಿದ ಮೇಲೆ ಸಂಶಯವು ಹರಿಯಿತು. 1680ರಲ್ಲಿ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು. ಅದರ ಸಭೆಗೆ ಆತನು ಒಮ್ಮೆಯೂ ಹೋಗಲಿಲ್ಲ.

ಮುಂದೆ ಕಂಡುದರ ಪಟ್ಟಿಯು ಉದ್ದವಾದುದು. ಅದರಲ್ಲಿ 1683ರ ಪತ್ರವೊಂದನ್ನು ಮಾತ್ರ ಇಲ್ಲಿ ಹೇಳಬೇಕು. ದಿನವೂ ಉಪ್ಪಿನಿಂದ ಹಲ್ಲುಜ್ಜುವ ತನ್ನ ಬಾಯಿಯ ಹಲ್ಲಿನ ಸಂದಿನಿಂದಲೇ ಬಿಳಿಯ ಕೊಳೆಯನ್ನು ತೆಗೆದು ಮಳೆನೀರಿನಲ್ಲಿ ಕದಡಿ ನೋಡಿದನು, ಜೀವಿಗಳು ತುಂಬಿದ್ದವು. ಹುಟ್ಟಿದಾರಭ್ಯ ಹಲ್ಲುಜ್ಜದ ಮುದುಕನೊಬ್ಬನನ್ನು ಹುಡುಕಿ ಅವನ ಬಾಯಿಯ ಕೊಳೆಯನ್ನೂ ನೋಡಿದನು; ಅಲ್ಲಿ ಕಂಡ ಸಂತೆಯನ್ನು ಊಹಿಸಿಕೊಳ್ಳುವುದೇ ಲೇಸು. ಧಾನ್ಯದ ಹುಳುಗಳು ಕಾಳಿನಿಂದ ತಾವಾಗಿಯೇ ಹುಟ್ಟುವುದಿಲ್ಲ, ಮೊಟ್ಟೆಯಿಂದಲೇ ಹುಟ್ಟುತ್ತವೆ ಎಂಬುದನ್ನೂ ಆತನು ತೋರಿಸಿಕೊಟ್ಟನು. 1698ರಲ್ಲಿ ರಷ್ಯದ ಚಕ್ರವರ್ತಿ ಪೀಟರನು ಡೆಲ್ಫ್ಟಿಗೆ ಬಂದಾಗ ಹಾವುಮೀನಿನ ಬಾಲದಲ್ಲಿ ರಕ್ತವು ಹರಿಯುವುದನ್ನು ನೋಡಿ ಹೋದನು.

ಇಷ್ಟೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದವನು ಎರಡು ಸಂಗತಿಗಳನ್ನು ಮಾತ್ರ ಬಚ್ಚಿಟ್ಟುಕೊಂಡನು: ಅತ್ಯುತ್ತಮವಾದ ಮಸೂರಗಳನ್ನು ಮಾಡುವ ಬಗೆ, ಅತಿ ಚಿಕ್ಕ ಜೀವಿಗಳನ್ನು ನೋಡುವ ಬಗೆ. ಬಂದವರಿಗೆ ಸಾಧಾರಣ ಉಪಕರಣಗಳನ್ನು ತೋರಿಸಿ, ಒಳ್ಳೆಯವು ತನಗೊಬ್ಬನಿಗೇ ಎನ್ನುತ್ತಿದ್ದನು. ತರುಣರಿಗೆ ಈ ವಿದ್ಯೆಯನ್ನು ಕಲಿಸಬೇಕೆಂದು ಜರ್ಮನಿಯ ದಾರ್ಶನಿಕ ಲೈಬ್‌ನಿಟ್ಸನು ಸೂಚಿಸಿದಾಗಲೂ ಒಪ್ಪಲಿಲ್ಲ. ಹಣಕ್ಕೂ ಕೀರ್ತಿಗೂ ಓದುವವರಿಂದ ಈ ಕೆಲಸವು ಆಗದು ಎಂಬುದು ಆತನ ಭಾವನೆ. ಪಂಡಿತರ ಅನುಮಾನವನ್ನು ಅನುಭವಿಸಿದವನ ಬಿಗುಮಾನವಿದು ಎಂದು ಸಮಾಧಾನ ಹೇಳಬಹುದು. ಆದರೂ ಇದರಿಂದಾದ ನಷ್ಟವು ಸಣ್ಣದಲ್ಲ.

ನೋಡುವ ಬಗೆಯ ಗುಟ್ಟು ಬೆಳಕಿನಲ್ಲಿದ್ದಿತೆಂದು ಆತನ ಜೀವನಚರಿತ್ರೆಯನ್ನು 1932ರಲ್ಲಿ ಬರೆದ ಕ್ಲಿಫರ್ಡ್ ಡೋಬೆಲ್ ಊಹಿಸಿದ್ದಾನೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವಾಗ, ಹಿಂದೆ ಕತ್ತಲೆಯಿದ್ದರೆ, ಮಾಮೂಲಾಗಿ ಕಾಣದ ಧೂಳಿನ ಕಣಗಳು ಮಿನುಗುವುದನ್ನು ಎಲ್ಲರೂ ನೋಡಿದ್ದೇವೆ. ಬೆಳಕನ್ನು ನೇರವಾಗಿ ಕಣ್ಣಿಗೆ ಬಿಡದೆ ಓರೆಯಾಗಿ ವಸ್ತುವಿನ ಮೇಲೆ ಬೀಳಿಸಿದರೆ ಮಸೂರದಲ್ಲಿಯೂ ಹಾಗೆಯೇ. ಕಪ್ಪು ಹಿನ್ನೆಲೆಯಲ್ಲಿ ಗಾಜಿನಂತೆ ಪಾರಕವಾದ ಜೀವಿಗಳೂ ಬೆಳ್ಳಗೆ ಹೊಳೆಯುತ್ತವೆ. ರಕ್ತದ ಕಣಗಳು ಕಪ್ಪು ರೇಶಿಮೆಯ ಮೇಲೆ ಚೆಲ್ಲಿದ ಮರಳಿನಂತೆ ಕಂಡವೆಂದು ಲೇವನ್‌ಹುಕನು ಒಂದೆಡೆ ಹೋಲಿಸಿರುವುದೇ ಈ ಊಹೆಗೆ ಆಧಾರ. ಜವಳಿಯವನ ಬಾಯಿಂದ ಗುಟ್ಟು ಜವಳಿಯ ಮಾತಿನಲ್ಲಿಯೇ ಜಾರಿತೆಂದು ತೋರುತ್ತದೆ.

1723ರ ಆಗಸ್ಟ್ 26ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ ಲೇವನ್‌ಹುಕನು ಮರಣಹೊಂದಿದನು. ಹಾಸಿಗೆ ಹಿಡಿದಿದ್ದಾಗಲೂ ಎರಡು ಪತ್ರಗಳನ್ನು ಮಿತ್ರನೊಬ್ಬನಿಂದ ಲ್ಯಾಟಿನ್ನಿಗೆ ತಿರುಗಿಸಿ ಲಂಡನ್ನಿಗೆ ಕಳುಹಿಸುವಂತೆ ಕೇಳಿಕೊಂಡಿದ್ದನು. ಉಯಿಲಿನಂತೆ ಮರಿಯಾ 26 ಬೆಳ್ಳಿಯ ಸೂಕ್ಷ್ಮದರ್ಶಕಗಳ ಪೆಟ್ಟಿಗೆಯನ್ನು ರಾಯಲ್ ಸೊಸೈಟಿಗೆ ಕಳುಹಿಸಿದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಲ್ಲಿಂದ ಕಣ್ಮರೆಯಾಯಿತು. ಆಕೆಯ ಮರಣಾನಂತರ ಮಿಕ್ಕವು 1747ರಲ್ಲಿ ಹರಾಜಿನಲ್ಲಿ ಚದುರಿಹೋದವು. ಈಗ ಉಳಿದಿರುವುವು ಹನ್ನೆರಡರ ಆಸುಪಾಸು. ಆತನ ಬಳಿಕ ನೂರು ವರ್ಷಗಳವರೆಗೆ ಆ ಕಿರುಜೀವಿಗಳನ್ನು ಆತನಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಅಂಥದೊಂದು ಜೀವಿಯೇ ಒಂದು ರೋಗಕ್ಕೆ ಕಾರಣವೆಂದು ಜರ್ಮನಿಯ ರಾಬರ್ಟ್ ಕಾಖ್ ರುಜುವಾತುಪಡಿಸಿದುದು 1876ರಲ್ಲಿ. ಮೆಣಸಿನ ನೀರಿನಿಂದ ಅಲ್ಲಿಗೆ ಸರಿಯಾಗಿ ಇನ್ನೂರು ವರ್ಷ!

1981ರಲ್ಲಿ ಬ್ರಯನ್ ಫೋರ್ಡ್ ಎಂಬ ಸಂಶೋಧಕನು ರಾಯಲ್ ಸೊಸೈಟಿಯಲ್ಲಿ ಹಳೆಯ ಪತ್ರಗಳನ್ನು ತಿರುವಿಹಾಕುತ್ತಿರುವಾಗ ಹಾಳೆಗೆ ಅಂಟಿಸಿದ್ದ ಚಿಕ್ಕ ಕಾಗದದ ಪೊಟ್ಟಣಗಳು ಸಿಕ್ಕಿದವು. ಬಿಚ್ಚಿ ನೋಡಿದರೆ 1674ರಲ್ಲಿ ಸೀಳಿದ ಬೆಂಡು, ಗಿಡದ ತಿರುಳು, 1686ರಲ್ಲಿ ಕೊಯ್ದ ಹತ್ತಿಯ ಕಾಳುಗಳು, ಎಲ್ಲವೂ ಸುರಕ್ಷಿತವಾಗಿದ್ದವು. ಇಂದಿನ ಸೂಕ್ಷ್ಮದರ್ಶಕದ ಕೆಳಗೂ ಆ ಸೀಳುಗಳು ತಲೆತಗ್ಗಿಸಲಿಲ್ಲ. ಇನ್ನು ಮಸೂರದ ಗುಟ್ಟು. ಉಟ್ರೆಕ್ಟಿನ ಉಪಕರಣವನ್ನು ಬಿಚ್ಚಿದರೆ ಕೆಡುವುದೆಂದು ಅದರ ಲೋಹದ ತಗಡುಗಳನ್ನು ಭೇದಿಸಬಲ್ಲ ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಗಡುಗಳ ನಡುವೆ ಇದ್ದುದು ಉಜ್ಜಿ ಮಾಡಿದ ಮಸೂರವಲ್ಲ. ಉರಿಯಲ್ಲಿ ಕರಗಿಸಿದ ಒಂದು ಗಾಜಿನ ಮಣಿ. ಅದನ್ನು ಮಾಡುವ ಬಗೆಯು 1665ರಿಂದಲೂ ರಾಬರ್ಟ್ ಹುಕ್‌ನ ಗ್ರಂಥದ ಮುನ್ನುಡಿಯಲ್ಲಿ ಅಚ್ಚಾಗಿಯೇ ಇದ್ದಿತು.