ಕೂಸ್ಟೋ ಮತ್ತು ಉಸಿರಿನ ಪೈಪು

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಹಾಸ್ಟೆಲ್‌ನ ನಾಲ್ಕು ಜನ ಮೈಸೂರಿನಿಂದ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿ ಬಂದ್ವಿ. ಮೀನು, ಹವಳದ ಫೋಟೋಗಳನ್ನೆಲ್ಲ ಸ್ಟೇಟಸ್‌ನಲ್ಲಿ ಆಗಲೇ ನೋಡಿರ್ತೀರಿ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ನೀರಿಗಿಳಿಯುವ ಮುಂಚೆ ಡೈವ್ ಮಾಸ್ಟರ್ ಒಬ್ಬೊಬ್ಬರ ಮೈಮೇಲಿನ ಪೈಪುಗಳನ್ನೂ ಮುಟ್ಟಿ ಮುಟ್ಟಿ ನೋಡಿದರು. ಬಾಯಿಗೆ ಗಾಳಿ ತರುವ ಪೈಪು ಬಲಭುಜದ ಮೇಲಿಂದ ಬರಬೇಕು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಮೀಟರಿನ ಪೈಪು ಎಡ ಕಂಕುಳ ಕೆಳಗಿಂದ ಬಂದು ಕ್ಲಿಪ್ಪಿಗೆ ಸೇರಬೇಕು. ಜೊತೆಗಾರನಿಗೆ ಗಾಳಿ ಮುಗಿದರೆ ಕೊಡೋಕೆ ಇಟ್ಟಿರುವ ಹಳದಿ ಪೈಪು ಎದೆಯ ಮೇಲೆ, ಗಲ್ಲಕ್ಕೂ ಪಕ್ಕೆಲುಬಿಗೂ ನಡುವೆ, ಎಳೆದರೆ ತಕ್ಷಣ ಬರುವ ಹಾಗೆ ಸಿಕ್ಕಿಸಿರಬೇಕು. ನನ್ನ ಹಳದಿ ಪೈಪು ಜೋತಾಡ್ತಿತ್ತು. ಚೆನ್ನಾಗಿ ಬೈಸಿಕೊಂಡೆ. ಜೋತಾಡುವ ಪೈಪು ಹವಳಕ್ಕೆ ಸಿಕ್ಕಿಕೊಳ್ಳುತ್ತೆ, ಅದರ ಬಾಯಿಗೆ ಮರಳು ತುಂಬುತ್ತೆ, ಬೇಕಾದ ಹೊತ್ತಿಗೆ ಕೈಗೇ ಸಿಗಲ್ಲ.

ವಾಪಸ್ ಬಂದಮೇಲೆ ಈ ಪೈಪುಗಳ ಜಾತಕ ಹುಡುಕುತ್ತಾ ಹೋದೆ. ಅದು ಒಬ್ಬ ಮನುಷ್ಯನ ಜೀವನಕ್ಕೆ ಸುತ್ತಿಕೊಂಡಿತ್ತು. ಆತ ಜಾಕ್ ಈವ್ ಕೂಸ್ಟೋ. ಕೆಂಪು ಉಲ್ಲನ್ ಟೋಪಿ ಹಾಕಿಕೊಂಡು ಸಮುದ್ರದ ಸಿನಿಮಾ ಮಾಡುತ್ತಿದ್ದ ಫ್ರೆಂಚ್ ಮುದುಕ ಅಂತಷ್ಟೇ ನನಗೆ ಗೊತ್ತಿತ್ತು.

ಕೂಸ್ಟೋ ಹುಟ್ಟಿದ್ದು 1910ರ ಜೂನ್ 11ರಂದು, ಬೋರ್ದೋ ನಗರದ ಹತ್ತಿರದ ಸೇಂಟ್ ಆಂದ್ರೆ ದ ಕ್ಯೂಬ್ಜಾಕ್ ಎಂಬ ಪುಟ್ಟ ಊರಿನಲ್ಲಿ. ಕಾಯಿಲೆಯ ಹುಡುಗ, ಆದರೆ ಯಂತ್ರದ ಹುಚ್ಚು. 13ನೇ ವಯಸ್ಸಿಗೇ ಸಿನಿಮಾ ಕ್ಯಾಮೆರಾ ಕೊಂಡು ಬಿಚ್ಚಿ ನೋಡಿದವನು. 1930ರಲ್ಲಿ ನೌಕಾಪಡೆಯ ಅಕಾಡೆಮಿ ಸೇರಿದ. ಆಸೆ ಇದ್ದದ್ದು ವಿಮಾನ ಹಾರಿಸೋದರ ಮೇಲೆ. 1936ರಲ್ಲಿ ಕಾರು ಅಪಘಾತವಾಗಿ ಎರಡೂ ಕೈ ಮುರಿದವು, ಪೈಲಟ್ ಕನಸು ಅಲ್ಲಿಗೇ ಮುಗಿಯಿತು. ಕೈಗೆ ಬಲ ಬರಲಿ ಅಂತ ತೂಲೋನ್ ಬಂದರಿನಲ್ಲಿ ಈಜುತ್ತಿದ್ದಾಗ ಸಹೋದ್ಯೋಗಿ ಫಿಲಿಪ್ ತಯ್ಯೇ ಒಂದು ನೀರ್ಗನ್ನಡಕ ಕೊಟ್ಟರು. ಅದನ್ನ ಹಾಕಿಕೊಂಡು ತಲೆ ಮುಳುಗಿಸಿದ್ದೇ ತಡ, ಆಮೇಲೆ ಕೂಸ್ಟೋಗೆ ಬೇರೆ ಯೋಚನೆಯೇ ಇಲ್ಲ. ಫ್ರೆಡೆರಿಕ್ ದ್ಯೂಮಾ ಎಂಬ ಮೀನು ಬೇಟೆಗಾರನೂ ಜೊತೆಯಾದ.

ಉಸಿರು ಹಿಡಿದು ಮುಳುಗಿದರೆ ಒಂದೆರಡು ನಿಮಿಷ. ಹೆಚ್ಚು ಹೊತ್ತು ಇರೋಕೆ ಏನು ದಾರಿ? ಮೊದಲು ಶುದ್ಧ ಆಮ್ಲಜನಕದ ಉಪಕರಣ ಮಾಡಿ ನೋಡಿದರು. ಒತ್ತಡ ಹೆಚ್ಚಾದರೆ ಆಮ್ಲಜನಕವೇ ವಿಷವಾಗುತ್ತೆ. ಸುಮಾರು 14 ಮೀಟರ್ ಆಳದಲ್ಲಿ ಎರಡು ಸಲ ಫಿಟ್ಸ್ ಬಂದು, ಸಾವಿನ ಬಾಯಿಂದ ವಾಪಸ್ ಬಂದರು. ಆಮೇಲೆ ದೋಣಿಯ ಮೇಲಿನ ಪಂಪಿನಿಂದ ಉದ್ದ ಪೈಪಿನಲ್ಲಿ ಗಾಳಿ ಕಳಿಸುವ ಫೆರ್ನೆ ಉಪಕರಣ. ಇದರಲ್ಲಿ ಒಂದು ದಿನ ಕೂಸ್ಟೋ ಸುಮಾರು 12 ಮೀಟರ್ ಕೆಳಗಿದ್ದಾಗ ಮೇಲೆ ಪೈಪು ಒಡೆದುಹೋಯಿತು. ಲೆಕ್ಕ ಹಾಕಿ ನೋಡಿ: ಅಲ್ಲಿ ಎದೆಯ ಮೇಲಿನ ಒತ್ತಡ 2.2 ಅಟ್ಮಾಸ್ಫಿಯರ್, ಒಡೆದ ಪೈಪಿನ ಒಳಗೆ 1. ಶ್ವಾಸಕೋಶದ ಗಾಳಿಯೆಲ್ಲ ಪೈಪಿನಲ್ಲಿ ಮೇಲಕ್ಕೆ ಹೋಗಿ ಎದೆಗೂಡೇ ಕುಸಿಯಬಹುದು. ತಕ್ಷಣ ಗಂಟಲು ಬಿಗಿಹಿಡಿದದ್ದರಿಂದ ಬದುಕಿದರು. ಇನ್ನೊಂದು ಸಲ ಸುಮಾರು 23 ಮೀಟರ್ ಕೆಳಗೆ ದ್ಯೂಮಾ ಇದ್ದಾಗ ಪೈಪು ಹರಿಯಿತು. ಹರಿಯೋದನ್ನ ದೋಣಿಯಿಂದಲೇ ಕಂಡ ಕೂಸ್ಟೋ, ಮುಳುಗುವ ಮೊದಲೇ ತುದಿ ಹಿಡಿದು ಹುಚ್ಚನಂತೆ ಎಳೆದು ಗೆಳೆಯನನ್ನ ಮೇಲೆ ತಂದರು. ಮೇಲಕ್ಕೆ ಕಟ್ಟಿಹಾಕುವ ಪೈಪೇ ಬೇಡ, ಗಾಳಿ ಬೆನ್ನ ಮೇಲೇ ಇರಲಿ ಅನ್ನೋದು ಅವರಿಗೆ ಗಟ್ಟಿಯಾಯಿತು.

ಬೆನ್ನ ಮೇಲಿನ ಸಿಲಿಂಡರ್ ಹೊಸದೇನಲ್ಲ. ಲ ಪ್ರಿಯೂರ್ ಎಂಬ ಅಧಿಕಾರಿ ಮಾಡಿದ್ದರು. ಆದರೆ ಅದರಲ್ಲಿ ನಲ್ಲಿ ಬಿಟ್ಟ ಹಾಗೆ ಗಾಳಿ ಹರೀತಾನೇ ಇರುತ್ತಿತ್ತು. ಎಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡದಲ್ಲೇ ಗಾಳಿ ಕೊಡುವ ವಾಲ್ವ್ ಬೇಕಿತ್ತು. ಆ ಐಡಿಯಾ ಕೂಡ 1860ರ ದಶಕದಲ್ಲೇ ಫ್ರಾನ್ಸಿನಲ್ಲಿ ಬಂದು ಮರೆತುಹೋಗಿತ್ತು.

1937ರಲ್ಲಿ ಕೂಸ್ಟೋ ಮದುವೆಯಾಗಿದ್ದ ಸಿಮೋನ್ ಅವರ ತಂದೆ ಏರ್ ಲಿಕ್ವೀಡ್ ಎಂಬ ಅನಿಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಆ ನಂಟಿನಿಂದ 1942ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಎಮಿಲ್ ಗಾನ್ಯಾಂ ಎಂಬ ಎಂಜಿನಿಯರ್ ಪರಿಚಯವಾಯಿತು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ನಮ್ಮ ಮೈಸೂರು ಸೀಮೆಯಲ್ಲೂ ಆಗ ಇದ್ದಿಲು ಗ್ಯಾಸಿನ ಬಸ್ಸುಗಳು ಓಡುತ್ತಿದ್ದವು. ಹಿಂದೆ ಒಲೆಯಂಥ ಡಬ್ಬ, ಹೊರಡುವ ಮುಂಚೆ ಕ್ಲೀನರ್ ತಿದಿ ತಿರುಗಿಸಿ ಬೆಂಕಿ ಎಬ್ಬಿಸಬೇಕು ಅಂತ ಅಜ್ಜಂದಿರು ಹೇಳ್ತಾರಲ್ಲ, ಅದೇ. ಫ್ರಾನ್ಸಿನಲ್ಲೂ ಕಾರುಗಳನ್ನ ಗ್ಯಾಸಿಗೆ ಹೊಂದಿಸುತ್ತಿದ್ದರು. ಎಂಜಿನ್ ಎಷ್ಟು ಎಳೆಯುತ್ತೋ ಅಷ್ಟೇ ಅನಿಲ ಬಿಡುವ ಒಂದು ಬೇಕಲೈಟ್ ರೆಗ್ಯುಲೇಟರ್ ಗಾನ್ಯಾಂ ಕೈಯಲ್ಲಿತ್ತು. ಮನೆಯ ಅಡುಗೆ ಸಿಲಿಂಡರಿನ ರೆಗ್ಯುಲೇಟರಿಗೆ ದಾಯಾದಿ ಅಂದುಕೊಳ್ಳಿ. ಎಂಜಿನ್ ಜಾಗದಲ್ಲಿ ಮನುಷ್ಯನ ಶ್ವಾಸಕೋಶ ಇಟ್ಟರೆ ಆಯ್ತಲ್ಲ!

1943ರ ಜನವರಿ, ಕೊರೆಯುವ ಚಳಿ. ಪ್ಯಾರಿಸ್ ಹತ್ತಿರದ ಮಾರ್ನ್ ನದಿಗೆ ಕೂಸ್ಟೋ ಇಳಿದರು, ಗಾನ್ಯಾಂ ದಡದಲ್ಲಿ. ಅಡ್ಡಲಾಗಿ ಈಜಿದರೆ ಉಸಿರಾಟ ಸಲೀಸು. ನೆಟ್ಟಗೆ ನಿಂತರೆ ಗಾಳಿ ಬುಸಬುಸನೆ ಸುರಿದುಹೋಗುತ್ತಿದೆ. ತಲೆಕೆಳಗಾದರೆ ಎಳೆದರೂ ಗಾಳಿ ಬರುತ್ತಿಲ್ಲ. ಇಬ್ಬರೂ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಹೊರಟರು. ದಾರಿಯಲ್ಲೇ ಕಾರಣ ಹೊಳೆಯಿತು.

ವಾಲ್ವ್ ಸರಿಯಾಗೇ ಇತ್ತು, ಪೈಪಿನ ಜಾಗ ತಪ್ಪಿತ್ತು. ಗಾಳಿ ಒಳಬಿಡುವ ಡಯಾಫ್ರಮ್ ಒಂದು ಕಡೆ, ಬಿಟ್ಟ ಉಸಿರು ಹೊರಹೋಗುವ ಬಾಯಿ ಇನ್ನೊಂದು ಕಡೆ. ನಡುವೆ ಸುಮಾರು 15 ಸೆಂಟಿಮೀಟರ್. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಮ್ಯಾನೋಮೀಟರ್ ನೆನಪಿಸಿಕೊಳ್ಳಿ. ನೆಟ್ಟಗೆ ನಿಂತಾಗ ಹೊರಬಾಯಿ ಮೇಲಾಯ್ತು, ಅಲ್ಲಿ ಒತ್ತಡ ಕಡಿಮೆ. 15 ಸೆಂ.ಮೀ. ಕೆಳಗಿರುವ ಡಯಾಫ್ರಮ್ಮನ್ನ ನೀರು ಅಷ್ಟು ಹೆಚ್ಚಾಗಿ ಒತ್ತಿ, ಯಾರೂ ಎಳೆಯದಿದ್ದರೂ ವಾಲ್ವ್ ತೆಗೆದುಬಿಡುತ್ತೆ. ತಲೆಕೆಳಗಾದಾಗ ಇದು ಉಲ್ಟಾ: ವಾಲ್ವ್ ತೆಗೆಯೋಕೆ 15 ಸೆಂ.ಮೀ. ನೀರನ್ನ ಎಳೆಯುವಷ್ಟು ಜೋರಾಗಿ ಉಸಿರು ತೆಗೆಯಬೇಕು. ಅಡ್ಡಲಾಗಿದ್ದಾಗ ಎರಡೂ ಒಂದೇ ಮಟ್ಟ, ಅದಕ್ಕೇ ತೊಂದರೆ ಇಲ್ಲ. 15 ಸೆಂ.ಮೀ. ನೀರು ಅಂದರೆ ಅಟ್ಮಾಸ್ಫಿಯರಿನ ನೂರರಲ್ಲಿ ಒಂದೂವರೆ ಪಾಲು. ನಮ್ಮ ಎದೆಯ ಸ್ನಾಯುಗಳಿಗೆ ಅದೇ ಬಹಳ.

ಪರಿಹಾರವೂ ಪೈಪಿನಲ್ಲೇ ಇತ್ತು. ಬಿಟ್ಟ ಉಸಿರಿಗೆ ಇನ್ನೊಂದು ಸುಕ್ಕುಸುಕ್ಕಾದ ರಬ್ಬರ್ ಪೈಪು ಹಾಕಿ, ಭುಜದ ಮೇಲಿಂದ ಹಿಂದಕ್ಕೆ ಒಯ್ದು, ಡಯಾಫ್ರಮ್ಮಿನ ಪಕ್ಕದಲ್ಲೇ ಹೊರಬಿಟ್ಟರು. ಈಗ ಯಾವ ಕಡೆ ತಿರುಗಿದರೂ ಎರಡರ ಆಳ ಹೆಚ್ಚುಕಡಿಮೆ ಒಂದೇ. ಪ್ಯಾರಿಸ್‌ನ ಒಂದು ತೊಟ್ಟಿಯಲ್ಲಿ ಲಾಗ ಹಾಕಿ ನೋಡಿದರು, ಕೆಲಸ ಮಾಡಿತು. ಹಳೇ ಸಿನಿಮಾಗಳಲ್ಲಿ ಡೈವರ್‌ಗಳ ಕಿವಿಯ ಎರಡೂ ಪಕ್ಕ ದಪ್ಪ ಪೈಪು ಕಾಣುತ್ತಲ್ಲ, ಅದರ ಕಥೆ ಇದು. ಇವತ್ತಿನ ಗೇರಿನಲ್ಲಿ ಡಯಾಫ್ರಮ್ಮೂ ಹೊರಬಾಯಿಯೂ ಬಾಯಿಯ ಮುಂದಿನ ಒಂದೇ ಡಬ್ಬಿಯಲ್ಲಿರೋದರಿಂದ ಬಾಯಿಗೆ ಒಂದೇ ತೆಳು ಪೈಪು ಸಾಕು.

ಆ ಜೂನ್‌ನಲ್ಲಿ ಬಾಂದೋಲ್ ಹತ್ತಿರದ ಸಮುದ್ರದಲ್ಲಿ ಕೂಸ್ಟೋ ಇಳಿದರು. ಸಿಮೋನ್ ಮೇಲೆ ಈಜುತ್ತಾ ಗಂಡನ ಮೇಲೆ ಕಣ್ಣಿಟ್ಟಿದ್ದರು. ಕೆಳಗಿನ ಗುಹೆಯಿಂದ ಸೀಗಡಿಯ ದೊಡ್ಡಪ್ಪನಂಥ ಲಾಬ್‌ಸ್ಟರ್‌ಗಳನ್ನ ತಂದು ಹೆಂಡತಿಯ ಕೈಗಿತ್ತರಂತೆ. ಯುದ್ಧದ ಬರಗಾಲದಲ್ಲಿ ಅದು ಹಬ್ಬದೂಟ.

ಹಬ್ಬ ಬಹಳ ದಿನ ಇರಲಿಲ್ಲ. 1946ರ ಆಗಸ್ಟ್‌ನಲ್ಲಿ ವೋಕ್ಲೂಸ್ ಎಂಬ ಆಳದ ಬುಗ್ಗೆಯೊಳಗೆ ಇಳಿದ ಕೂಸ್ಟೋ, ದ್ಯೂಮಾ ಇಬ್ಬರಿಗೂ ಕತ್ತಲಲ್ಲಿ ಮಂಪರು. ದ್ಯೂಮಾ ಬಾಯಿಂದ ಪೈಪು ಜಾರಿತು. ಮೇಲೆ ಹಗ್ಗ ಹಿಡಿದು ನಿಂತಿದ್ದ ಮೋರಿಸ್ ಫಾರ್ಗ್ ಎಳೆದು ತರದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಸಿಲಿಂಡರಿನ ಗಾಳಿ ಪರೀಕ್ಷೆ ಮಾಡಿಸಿದರೆ ಕಾರ್ಬನ್ ಮಾನಾಕ್ಸೈಡ್! ಹೊಸ ಕಂಪ್ರೆಸರ್ ತನ್ನದೇ ಹೊಗೆಯನ್ನ ಎಳೆದುಕೊಂಡು ಸಿಲಿಂಡರಿಗೆ ತುಂಬಿತ್ತು. ಮತ್ತೆ ಅದೇ ಸಮಸ್ಯೆ, ಒಳಬಾಯಿ ಎಲ್ಲಿ, ಹೊರಬಾಯಿ ಎಲ್ಲಿ ಅನ್ನೋದು.

ಆ ಫಾರ್ಗ್ ಮರುವರ್ಷ, 1947ರ ಸೆಪ್ಟೆಂಬರ್‌ನಲ್ಲಿ, ಆಳದ ದಾಖಲೆಗಾಗಿ ಇಳಿದರು. ಸುಮಾರು 120 ಮೀಟರ್ ತಲುಪಿದ್ದಕ್ಕೆ ಹಗ್ಗದ ಹಲಗೆಯಲ್ಲಿ ಅವರದೇ ಸಹಿ ಇತ್ತು. ಎಳೆದು ತಂದಾಗ ಬಾಯಿಯ ಪೈಪು ಎದೆಯ ಮೇಲೆ ನೇತಾಡುತ್ತಿತ್ತು. ಆ ಆಳದಲ್ಲಿ ಸಾರಜನಕ ಕುಡಿದ ಅಮಲಿನ ಹಾಗೆ ತಲೆಗೇರುತ್ತೆ, ಬಾಯಲ್ಲಿದ್ದದ್ದು ಹೋದರೂ ಗೊತ್ತಾಗಲ್ಲ. ಗಂಟೆಗಟ್ಟಲೆ ಪ್ರಯತ್ನಿಸಿದರೂ ಉಸಿರು ವಾಪಸ್ ಬರಲಿಲ್ಲ. ಇದನ್ನ ಓದಿದಮೇಲೆ ನೇತ್ರಾಣಿಯ ಬೈಗುಳದ ಬಗ್ಗೆ ನನಗೆ ಬೇಜಾರಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕೂಸ್ಟೋ: 1950ರಲ್ಲಿ ಹಳೇ ಮೈನ್‌ಸ್ವೀಪರ್ ಹಡಗನ್ನ ಕ್ಯಾಲಿಪ್ಸೋ ಮಾಡಿಕೊಂಡದ್ದು, 1956ರ ಸಿನಿಮಾಕ್ಕೆ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ, ಆಮೇಲೆ ಆಸ್ಕರ್. ಆ ಸಿನಿಮಾದಲ್ಲಿ ಹವಳದ ದಿಬ್ಬಕ್ಕೆ ಡೈನಮೈಟ್ ಇಡೋದು, ಶಾರ್ಕ್‌ಗಳನ್ನ ಕೊಲ್ಲೋದು ಇದೆ. ನನಗಂತೂ ನೋಡೋಕಾಗಲಿಲ್ಲ. ಅದೇ ಮನುಷ್ಯ 1960ರಲ್ಲಿ ಸಮುದ್ರಕ್ಕೆ ಅಣುತ್ಯಾಜ್ಯ ಸುರಿಯೋದರ ವಿರುದ್ಧ ನಿಂತರು. 1979ರಲ್ಲಿ ಮಗ ಫಿಲಿಪ್ ಲಿಸ್ಬನ್ ಹತ್ತಿರ ವಿಮಾನ ಅಪಘಾತದಲ್ಲಿ ತೀರಿಕೊಂಡ.

ಗಾನ್ಯಾಂ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಅವರು ಯುದ್ಧದ ನಂತರ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ರೆಗ್ಯುಲೇಟರ್‌ಗಳನ್ನ ಸುಧಾರಿಸುತ್ತಲೇ ಇದ್ದು 1984ರಲ್ಲಿ ತೀರಿಕೊಂಡರು. ಕ್ಯಾಮೆರಾ ಮುಂದೆ ನಿಂತವರಿಗೆ ಹೆಸರು, ವಾಲ್ವ್ ಮಾಡಿದವರಿಗೆ ಪೇಟೆಂಟ್ ನಂಬರ್. ಮೆಕ್ಯಾನಿಕಲ್ ಹುಡುಗನಾಗಿ ಸ್ವಲ್ಪ ಹೊಟ್ಟೆ ಉರಿಯುತ್ತೆ ಕಣ್ರೀ. ಅವರಿಬ್ಬರ ಉಪಕರಣದ ವಂಶದ ಗೇರನ್ನ ಬೆನ್ನಿಗೆ ಕಟ್ಟಿಕೊಂಡೇ 1980ರ ದಶಕದಲ್ಲಿ ದ್ವಾರಕೆಯ ಕಡಲಲ್ಲಿ ಡೈವರ್‌ಗಳು ಇಳಿದಿದ್ದರು. ಆ ಉತ್ಖನನದ ಮುಂದಾಳು ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಎಸ್. ಆರ್. ರಾವ್.

1996ರ ಜನವರಿಯಲ್ಲಿ ಸಿಂಗಪುರದ ಬಂದರಿನಲ್ಲಿ ಒಂದು ಬಾರ್ಜ್ ಗುದ್ದಿ ಕ್ಯಾಲಿಪ್ಸೋ ಮುಳುಗಿತು. 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ ಕೂಸ್ಟೋ ಹೋದರು, 87 ವಯಸ್ಸು. ಮಣ್ಣು ಮಾಡಿದ್ದು ಸಮುದ್ರದ ದಂಡೆಯಲ್ಲಿ ಅಲ್ಲ, ಹುಟ್ಟಿದ ಊರು ಸೇಂಟ್ ಆಂದ್ರೆ ದ ಕ್ಯೂಬ್ಜಾಕ್‌ನಲ್ಲಿ.