ಕೋಷ್ಟಕದ ಕರ್ತೃ ಎಡ್ಗರ್ ಕಾಡ್

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರೈತರಿಗೆ ಎಡ್ಗರ್ ಕಾಡ್ ಎಂಬವರ ಹೆಸರು ಪರಿಚಿತವಿರಲಾರದು. ಆದರೂ ಅವರ ಉತಾರವು ಕ್ಷಣಮಾತ್ರದಲ್ಲಿ ಕೈಸೇರುವುದಕ್ಕೆ ಈ ಮಹನೀಯರ ವಿಚಾರವೇ ತಳಹದಿಯೆಂದು ನಾನು ಬಲ್ಲೆ.

ಕಾಡ್ 1923ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಮಹಾಯುದ್ಧದಲ್ಲಿ ವಿಮಾನ ನಡೆಸಿದರು. ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿತು ಅಮೇರಿಕೆಯ ಐ.ಬಿ.ಎಂ. ಕಂಪನಿಯನ್ನು ಸೇರಿದರು. ಆಗ ಗಣಕಯಂತ್ರದೊಳಗಿನ ಮಾಹಿತಿಯು, ಅದನ್ನು ತಲುಪುವ ದಾರಿ ಬಲ್ಲ ನಿಪುಣರಿಗಷ್ಟೇ ದೊರೆಯುತ್ತಿತ್ತು. ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿಟ್ಟು, ಸರ್ವೆ ನಂಬರಿನಂಥ ಗುರುತಿನಿಂದ ಒಂದನ್ನೊಂದಕ್ಕೆ ಹೊಂದಿಸಬೇಕೆಂದು ಅವರು 1970ರಲ್ಲಿ ಪ್ರತಿಪಾದಿಸಿದರು. ಬೇಕಾದುದನ್ನು ಕೇಳುವುದು ಮನುಷ್ಯನ ಕೆಲಸ, ದಾರಿ ಹುಡುಕುವುದು ಯಂತ್ರದ ಕೆಲಸವೆಂಬುದೇ ಅದರ ತಿರುಳು. ಸ್ವಂತ ಕಂಪನಿಯೇ ಮೊದಮೊದಲು ಇದಕ್ಕೆ ಉತ್ಸಾಹ ತೋರಲಿಲ್ಲ. ಕಾಡ್ ಪಟ್ಟು ಬಿಡಲಿಲ್ಲ. 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಅವರನ್ನರಸಿ ಬಂದಿತು. 2003ರಲ್ಲಿ ಅವರು ತೀರಿಕೊಂಡರು.

ಅಷ್ಟರಲ್ಲಿ ನಮ್ಮ ರಾಜ್ಯದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತ್ತು. ತಲಾಟಿಯ ಕೈಬರಹದ ಪುಸ್ತಕಕ್ಕೆ ಕಾಯುವ ಕಾಲ ಮುಗಿಯಿತು. ಆದರೆ ಕೋಷ್ಟಕದಲ್ಲಿ ಹೆಸರು ತಪ್ಪಾದರೆ ಯಂತ್ರವು ಆ ತಪ್ಪನ್ನೇ ಶೀಘ್ರವಾಗಿ ಅಚ್ಚುಹಾಕಿ ಕೊಡುತ್ತದೆ. ಬಡವನ ಹೊಲ ಕೈತಪ್ಪಬಹುದು. ನಾಳೆ ಇಂಥ ಕೋಷ್ಟಕಗಳನ್ನು ಕಾಯಲಿರುವ ವಿದ್ಯಾರ್ಥಿಮಿತ್ರರು ಕಾಡ್ ಅವರ ಗಣಿತದೊಡನೆ ಈ ಹೊಣೆಯನ್ನೂ ಕಲಿಯಲೆಂಬುದೇ ನನ್ನ ಆಶಯ.