ದೀನಸೇವೆಯನ್ನೇ ಉಪಾಸನೆಯಾಗಿಸಿಕೊಂಡ ಕುದ್ಮುಲ್ ರಂಗರಾವ್

ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಪ್ರವೇಶ, ವೃತ್ತಿ ತರಬೇತಿ, ನಿವೇಶನ ಮೊದಲಾದ ಸೌಲಭ್ಯಗಳನ್ನು ಕೋರಿ ಇಂದು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಲಾಗುತ್ತಿದೆ. ಇಂತಹ ಯಾವ ನಮೂನೆಯೂ ಇಲ್ಲದಿದ್ದ ಕಾಲದಲ್ಲಿ ಈ ಬಹುತೇಕ ಸೌಲಭ್ಯಗಳನ್ನು ತಮ್ಮ ಸ್ವಂತ ದುಡಿಮೆಯಿಂದ ದಲಿತ ಕುಟುಂಬಗಳಿಗೆ ಒದಗಿಸಲು ಹೊರಟವರು ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ ಅವರು. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ರಂಗರಾವ್ ಅವರು ದಿನಾಂಕ 29-6-1859ರಂದು ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಅಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕುದ್ಮುಲ್ ಎಂಬುದು ಅವರ ಮನೆತನದ ಮೂಲಗ್ರಾಮದ ಹೆಸರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಉದ್ಯೋಗವನ್ನರಸಿ ಮಂಗಳೂರಿಗೆ ಬಂದರು. ಅಲ್ಪ ವೇತನದ ಶಿಕ್ಷಕ ವೃತ್ತಿಯಲ್ಲಿದ್ದುಕೊಂಡೇ ಓದನ್ನು ಮುಂದುವರಿಸಿ, ವಕೀಲಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಮಂಗಳೂರಿನ ನ್ಯಾಯಾಲಯದಲ್ಲಿ ವೃತ್ತಿಯನ್ನಾರಂಭಿಸಿದರು. ಬಡವರ ವಕೀಲರೆಂಬ ಹೆಸರು ಅವರಿಗೆ ಬಹುಬೇಗ ಬಂದಿತು.

ಅವರ ಜೀವನದ ದಿಕ್ಕನ್ನು ಬದಲಿಸಿದ್ದು ಬ್ರಹ್ಮಸಮಾಜದ ಸಂಪರ್ಕ. ಬಿಲ್ಲವ ಮುಖಂಡರಾದ ಅರಸಪ್ಪನವರ ಪ್ರೇರಣೆ ಹಾಗೂ ಉಳ್ಳಾಲ ರಘುನಾಥಯ್ಯನವರ ಶ್ರಮದಿಂದ 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವು ಸ್ಥಾಪನೆಗೊಂಡಿತ್ತು. ಉಪನಿಷತ್ತುಗಳನ್ನು ಆಧಾರವಾಗಿಟ್ಟುಕೊಂಡು ಮಹರ್ಷಿ ದೇವೇಂದ್ರನಾಥ ಠಾಕೂರರು ರೂಪಿಸಿದ ಬ್ರಾಹ್ಮಧರ್ಮದ ಮೂಲತತ್ವಗಳಲ್ಲಿ ಒಂದು, ಭಗವಂತನನ್ನು ಪ್ರೀತಿಸುವುದು ಮತ್ತು ಅವನಿಗೆ ಪ್ರಿಯವಾದ ಕಾರ್ಯಗಳನ್ನು ಮಾಡುವುದು, ಇವೆರಡೇ ಅವನ ಉಪಾಸನೆ ಎಂಬುದಾಗಿದೆ. ಈ ತತ್ವದ ಪೂರ್ವಾರ್ಧವನ್ನು ಒಪ್ಪಿ ಪ್ರಾರ್ಥನೆಗೆ ಕುಳಿತವರು ಅನೇಕರು. ಉತ್ತರಾರ್ಧವನ್ನು ದಿನನಿತ್ಯದ ಕೆಲಸವನ್ನಾಗಿ ಮಾಡಿಕೊಂಡವರು ವಿರಳ. ರಂಗರಾವ್ ಅವರು ಆ ವಿರಳರ ಪೈಕಿ ಒಬ್ಬರು.

ಅಂದಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಸರ್ಕಾರಿ ಕಡತಗಳಲ್ಲಿ ಪಂಚಮರೆಂದು ನಮೂದಿಸಲ್ಪಡುತ್ತಿದ್ದ ಸಮುದಾಯಗಳ ಜನರು ಪರರ ಭೂಮಿಯಲ್ಲಿ ದುಡಿದು, ಊರ ಹೊರಗಿನ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. ಊರಿನ ಬಾವಿ, ದೇವಾಲಯ, ಶಾಲೆ ಯಾವುದೂ ಅವರಿಗೆ ಸೇರಿರಲಿಲ್ಲ. 1834ರಿಂದ ಮಂಗಳೂರಿನಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್ ಶಾಲೆಗಳನ್ನು ತೆರೆದಿತ್ತಾದರೂ, ಮತಾಂತರ ಹೊಂದದ ದಲಿತ ಮಗುವಿಗೆ ಊರ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. ಇಂತಹ ಸಂದರ್ಭದಲ್ಲಿ ಅಲ್ಪಸ್ವಲ್ಪ ಅಕ್ಷರ ಕಲಿತಿದ್ದ ದಲಿತ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆಯಿತು. ಅಸ್ಪೃಶ್ಯನೊಬ್ಬನು ಕಚೇರಿಯೊಳಗೆ ಓಡಾಡುವುದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ಕಿರುಕುಳವನ್ನು ತಾಳಲಾರದೆ ಆ ಯುವಕನು ಕೆಲಸವನ್ನೇ ಬಿಡಬೇಕಾಯಿತು. ಅದೇ ನ್ಯಾಯಾಲಯದಲ್ಲಿ ವಾದ ಮಂಡಿಸುತ್ತಿದ್ದ ರಂಗರಾವ್ ಅವರಿಗೆ, ಒಬ್ಬನ ಪರವಾಗಿ ವಾದಿಸುವುದರಿಂದ ಇದು ಸರಿಹೋಗದು, ಇಡೀ ಸಮುದಾಯಕ್ಕೆ ವಿದ್ಯೆ ದೊರೆಯದ ಹೊರತು ಪರಿಹಾರವಿಲ್ಲ ಎಂಬುದು ಮನದಟ್ಟಾಯಿತು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮಹಾತ್ಮ ಗಾಂಧೀಜಿಯವರು ಹರಿಜನ ಸೇವಕ ಸಂಘವನ್ನು ಸ್ಥಾಪಿಸಿದ್ದು 1932ರಲ್ಲಿ, ಅಂದರೆ ಇದಾದ 40 ವರ್ಷಗಳ ನಂತರ ಎಂಬುದನ್ನು ಗಮನಿಸಿದರೆ ಈ ಕಾರ್ಯದ ಧೈರ್ಯವು ಅರ್ಥವಾಗುತ್ತದೆ. ವಿರೋಧವು ತತ್‌ಕ್ಷಣವೇ ಎದುರಾಯಿತು. ಶಾಲೆಯನ್ನು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ವರ್ಗಾಯಿಸಬೇಕಾಯಿತು. ಮೇಲ್ಜಾತಿಯ ಶಿಕ್ಷಕರು ಪಾಠ ಹೇಳಲು ಮುಂದೆ ಬಾರದಿದ್ದಾಗ ಕ್ರೈಸ್ತ ಶಿಕ್ಷಕರ ನೆರವನ್ನು ಪಡೆಯಲಾಯಿತು. ರಂಗರಾವ್ ಅವರಿಗೆ ಸ್ವಜಾತಿಯಿಂದ ಬಹಿಷ್ಕಾರ ಬಂದಿತು. ಬೀದಿಯಲ್ಲಿ ನಡೆಯುವಾಗ ನಿಂದನೆ, ಕಲ್ಲೇಟುಗಳನ್ನೂ ಅವರು ಸಹಿಸಬೇಕಾಯಿತು. ಬಹಿಷ್ಕಾರವೆಂದರೆ ಅಂದು ಬರಿಯ ಮಾತಲ್ಲ. ಮದುವೆ, ಶ್ರಾದ್ಧ, ನೆರೆಮನೆಯ ಊಟ, ದೇವಸ್ಥಾನ ಎಲ್ಲದರಿಂದಲೂ ಹೆಂಡತಿ ಮಕ್ಕಳ ಸಹಿತ ಹೊರಗುಳಿಯಬೇಕಾಗಿತ್ತು. ಪತ್ನಿ ರುಕ್ಮಿಣಿಯವರು ಈ ಕಷ್ಟವನ್ನು ಪತಿಯೊಡನೆ ಸಮವಾಗಿ ಹೊತ್ತರು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಕೂಲಿಗೆ ಹೋಗುವ ಮಗುವನ್ನು ಶಾಲೆಗೆ ಕಳುಹಿಸಿದರೆ ಆ ದಿನದ ಗಳಿಕೆಯು ಮನೆಗೆ ನಷ್ಟ. ಈ ಲೆಕ್ಕವನ್ನು ರಂಗರಾವ್ ಅವರು ಚೆನ್ನಾಗಿ ಅರಿತಿದ್ದರು. ಆದುದರಿಂದ ಉಪದೇಶ ಮಾಡುತ್ತ ಕೂರದೆ, ಶಾಲೆಗೆ ಹಾಜರಾದ ಮಕ್ಕಳಿಗೆ ಪ್ರತಿದಿನ ಒಂದಿಷ್ಟು ಕಾಸನ್ನು ಕೊಡುವ ಮತ್ತು ಮಧ್ಯಾಹ್ನ ಊಟ ನೀಡುವ ಏರ್ಪಾಡನ್ನು ಮಾಡಿದರು. ಹಾಜರಾತಿ ಪ್ರೋತ್ಸಾಹಧನ, ಬಿಸಿಯೂಟ ಎಂಬ ಲೆಕ್ಕಶೀರ್ಷಿಕೆಗಳು ಆಯವ್ಯಯದಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ದಶಕಗಳ ಮೊದಲಿನ ಮಾತಿದು. ಪ್ರಾರಂಭದಲ್ಲಿ ಇದರ ವೆಚ್ಚವು ಬಹುಮಟ್ಟಿಗೆ ಅವರ ವಕೀಲಿ ಸಂಪಾದನೆಯಿಂದಲೇ ಸಂದಾಯವಾಗುತ್ತಿತ್ತು.

1897ರಲ್ಲಿ ಅವರು ತಮ್ಮ ಎಲ್ಲ ಕಾರ್ಯಗಳನ್ನು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯಡಿ ತಂದರು. ಜಮಖಂಡಿಯಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂಧೆಯವರು ಇದೇ ಉದ್ದೇಶದ ಮಿಷನ್ನನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಮಂಗಳೂರಿನ ಮಿಷನ್ ವತಿಯಿಂದ ನಗರದ ವಿವಿಧ ಭಾಗಗಳಲ್ಲಿಯೂ ಹೊರಗೂ ಶಾಲೆಗಳು ತೆರೆದವು. ನೇಯ್ಗೆ, ಮರಗೆಲಸ ಮೊದಲಾದ ಕಸಬುಗಳ ತರಬೇತಿಯನ್ನು ನೀಡಲಾಯಿತು. ವಿದ್ಯಾರ್ಥಿನಿಲಯವು ಪ್ರಾರಂಭವಾಯಿತು. ಅಕ್ಷರ ಕಲಿತರೂ ರಾತ್ರಿ ಮರಳಿ ಹೋಗುವುದು ಒಡೆಯನ ಭೂಮಿಯಲ್ಲಿನ ಗುಡಿಸಲಿಗೇ ಆದರೆ, ಒಡೆಯನು ಬೇಡವೆಂದ ದಿನ ಶಾಲೆಯೂ ತಪ್ಪುತ್ತದೆ. ಇದನ್ನು ಕಂಡುಕೊಂಡ ರಂಗರಾವ್ ಅವರು ಸರ್ಕಾರದಿಂದ ಭೂಮಿಯನ್ನು ಪಡೆದು ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಹಂಚಿಸಿದರು. ಸಹಕಾರ ಸಂಘವೂ ಸ್ಥಾಪನೆಗೊಂಡಿತು. ಅವರ ಶಾಲೆಗಳಲ್ಲಿ ಕಲಿತವರ ಪೈಕಿ ಕೆಲವರು ಶಿಕ್ಷಕರಾಗಿ ಅದೇ ಶಾಲೆಗಳಿಗೆ ಮರಳಿದರು.

ಊರಿಗೆ ಹೇಳಿದ್ದನ್ನು ಮನೆಯಲ್ಲಿಯೂ ನಡೆಸಿದ್ದು ಅವರ ಜೀವನದ ಇನ್ನೊಂದು ಮುಖ. ದಲಿತರೊಡನೆ ಕುಳಿತು ಊಟ ಮಾಡುತ್ತಿದ್ದರು. ಎಳವೆಯಲ್ಲಿಯೇ ವಿಧವೆಯಾದ ಮಗಳು ರಾಧಾಬಾಯಿಯವರನ್ನು ಮೂಲೆಗುಂಪು ಮಾಡದೆ ಓದಿಸಿದರು. 1912ರಲ್ಲಿ ಕುಮಾರಮಂಗಲದ ಜಮೀನ್ದಾರ ಮನೆತನದ ಪಿ. ಸುಬ್ಬರಾಯನ್ ಅವರೊಂದಿಗೆ ರಾಧಾಬಾಯಿಯವರ ವಿವಾಹವಾಯಿತು. ಅದು ವಿಧವಾ ವಿವಾಹವೂ ಹೌದು, ಅಂತರ್ಜಾತೀಯ ವಿವಾಹವೂ ಹೌದು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಪ್ರಥಮ ಸಚಿವರಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಸದನಕ್ಕೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದರು. 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ ಅವರು ಈ ದಂಪತಿಗಳ ಪುತ್ರರು.

ಬ್ರಿಟಿಷ್ ಸರ್ಕಾರವು ರಂಗರಾವ್ ಅವರಿಗೆ ರಾವ್ ಸಾಹೇಬ್ ಎಂಬ ಬಿರುದನ್ನು ನೀಡಿತು. ವಯಸ್ಸು ಮಾಗುತ್ತಿದ್ದಂತೆ, ತಮ್ಮ ನಂತರ ಮಿಷನ್ ಅನಾಥವಾಗಬಾರದೆಂಬ ಚಿಂತೆ ಅವರನ್ನು ಕಾಡಿರಬೇಕು. ಕಟ್ಟಿದ ಸಂಸ್ಥೆಯನ್ನು ಕುಟುಂಬದ ಆಸ್ತಿಯಾಗಿ ಉಳಿಸಿಕೊಳ್ಳದೆ, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಆಡಳಿತಕ್ಕೆ ಅದನ್ನು ವಹಿಸಿಕೊಟ್ಟರು. ಜೀವಮಾನದ ದುಡಿಮೆಯನ್ನು ಹೀಗೆ ಪರರ ಕೈಗೆ ಒಪ್ಪಿಸುವುದು ಸುಲಭದ ಕೆಲಸವಲ್ಲ.

1927ರಲ್ಲಿ ಅವರು ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದ ಎಂಬ ಹೆಸರನ್ನು ಪಡೆದರು. ಸಾಮಾನ್ಯವಾಗಿ ಸಂನ್ಯಾಸವನ್ನು ಲೋಕವ್ಯವಹಾರಗಳನ್ನು ತೊರೆದು ಆರಂಭಿಸುವ ಸಾಧನೆಯೆಂದು ಭಾವಿಸಲಾಗುತ್ತದೆ. ಇವರ ವಿಷಯದಲ್ಲಿ ಸಾಧನೆಯು 35 ವರ್ಷಗಳಷ್ಟು ಮೊದಲೇ ಬಾಡಿಗೆ ಮನೆಯ ಶಾಲೆಯಲ್ಲಿ ಪ್ರಾರಂಭವಾಗಿತ್ತು. ಕಾವಿ ಬಟ್ಟೆ ಮಾತ್ರ ಕೊನೆಗೆ ಬಂದಿತು.

ದಿನಾಂಕ 30-1-1928ರಂದು ಅವರು ನಿಧನರಾದರು. ತಾವು ಯಾರ ಮಕ್ಕಳಿಗಾಗಿ ದುಡಿದರೋ ಆ ಸಮುದಾಯಗಳ ಜನರೇ ತಮ್ಮ ಅಂತ್ಯಕ್ರಿಯೆಯನ್ನು ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿತ್ತು, ಅದರಂತೆಯೇ ನಡೆಯಿತು. ಅವರ ಇನ್ನೊಂದು ಅಭಿಲಾಷೆಯು ಇಂದಿಗೂ ಕರಾವಳಿಯ ಜನರ ನೆನಪಿನಲ್ಲಿದೆ. ದಲಿತರ ಮಗುವೊಂದು ವಿದ್ಯಾವಂತನಾಗಿ, ಸರ್ಕಾರಿ ಹುದ್ದೆಯನ್ನು ಪಡೆದು, ಮೋಟಾರು ವಾಹನದಲ್ಲಿ ಊರಿನ ಬೀದಿಯಲ್ಲಿ ಸಾಗುವಾಗ ಆ ಚಕ್ರಗಳಿಂದೇಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು. ನ್ಯಾಯಾಲಯದ ಜವಾನನ ಕೆಲಸವನ್ನು ಬಿಟ್ಟುಹೋಗಬೇಕಾದ ಆ ಯುವಕನ ಪ್ರಸಂಗವನ್ನು ಬಲ್ಲವರಿಗೆ ಈ ಆಸೆಯ ಮೂಲವನ್ನು ಬೇರೆ ಹೇಳಬೇಕಾಗಿಲ್ಲ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರನ್ನು ಇಡಲಾಗಿದೆ.